ಪಿಯರ್ಸನ್, ಸ್ಪಿಯರ್‌ಮನ್, ಕೆಂಡಾಲ್: ನರ್ಸ್‌ಗಳ ತಂತ್ರಜ್ಞಾನ ಸಮೀಕ್ಷೆಗೆ ಯಾವ ಗುಣಾಂಕ ಒಗ್ಗುತ್ತದೆ?

ಎಲೆಕ್ಟ್ರಾನಿಕ್ ರೋಗಿ ದಾಖಲೆ, ಇನ್ಫ್ಯೂಷನ್ ಪಂಪ್, ಔಷಧಿ ಕೊಡುವ ಮುನ್ನ ಸ್ಕ್ಯಾನ್ ಮಾಡಬೇಕಾದ ಬಾರ್‌ಕೋಡ್ ಮುಂತಾದವನ್ನು ಬಳಸುವಾಗ ನರ್ಸ್‌ಗಳು ಎಷ್ಟು ನಿರಾಳವಾಗಿರುತ್ತಾರೆ, ಆ ನಿರಾಳತೆಗೂ ಅವರ ವಯಸ್ಸು, ಸೇವಾವಧಿ, ತರಬೇತಿಗಳಿಗೂ ಏನು ನಂಟು ಎಂದು ವಿಚಾರಿಸುವ ಅಧ್ಯಯನಗಳು ಸಾಮಾನ್ಯವಾಗಿ ಒಂದು ಸಹಸಂಬಂಧ ಗುಣಾಂಕಕ್ಕೆ, ಅಂದರೆ ಎರಡು ಅಳತೆಗಳು ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಎಂಬುದನ್ನು −1ರಿಂದ +1ರೊಳಗೆ ಹೇಳುವ ಸಂಖ್ಯೆಗೆ, ಬಂದು ನಿಲ್ಲುತ್ತವೆ. ಆ ಗುಣಾಂಕವನ್ನು ಕಂಡುಹಿಡಿಯಲು ಮೂರು ದಾರಿಗಳು ಬಳಕೆಯಲ್ಲಿವೆ. ಇಂಥ ಪ್ರಶ್ನಾವಳಿಗಳ ದತ್ತಾಂಶದ ಮೇಲೆ ನಾನು ಮೂರನ್ನೂ ಒಟ್ಟೊಟ್ಟಿಗೆ ಓಡಿಸಿ ನೋಡುತ್ತ ಬಂದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಬಿಡಿ ಪ್ರಶ್ನೆಗಳಿಗೆ ಕೆಂಡಾಲ್ ಗುಣಾಂಕದ ಟೌ-ಬಿ ರೂಪ, ಒಟ್ಟು ಅಂಕಗಳಿಗೆ ಎರಡು ಅಳತೆಗಳನ್ನು ಬಿಂದುಗಳಾಗಿ ತೋರಿಸುವ ಚದುರು ನಕ್ಷೆ ನೋಡಿದ ಬಳಿಕ ಪಿಯರ್ಸನ್, ಎಲ್ಲರೂ ಬಳಸುವ ಸ್ಪಿಯರ್‌ಮನ್‌ಗೆ ಈ ಕೆಲಸದಲ್ಲಿ ಸಿಗುತ್ತಿರುವ ಜಾಗ ಅದರ ಯೋಗ್ಯತೆಗಿಂತ ದೊಡ್ಡದು.

ಮೊದಲು ದತ್ತಾಂಶದ ಸ್ವಭಾವವನ್ನು ನೋಡಬೇಕು. 1932ರಲ್ಲಿ ರೆನ್ಸಿಸ್ ಲೈಕರ್ಟ್ ಬಳಕೆಗೆ ತಂದ ಮಾಪಕದಲ್ಲಿ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬುದರಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬುದರವರೆಗೆ 1ರಿಂದ 5ರ ತನಕ ಅಂಕ ಕೊಡುತ್ತೇವೆ. 4ಕ್ಕೂ 5ಕ್ಕೂ ಇರುವ ಅಂತರವು 2ಕ್ಕೂ 3ಕ್ಕೂ ಇರುವ ಅಂತರದಷ್ಟೇ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಅನುಕ್ರಮ ಮಾತ್ರ ಖಚಿತ. ಅಲ್ಲದೆ, ಮೇಲಧಿಕಾರಿಗಳು ಹಂಚಿದ ಪ್ರಶ್ನಾವಳಿಗೆ ಬರುವ ಉತ್ತರಗಳು 4ರ ಸುತ್ತಲೇ ಗುಂಪುಗೂಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಗುಣಾಂಕದ ಆಯ್ಕೆ ನಿಂತಿರುವುದು ಮುಖ್ಯವಾಗಿ ಈ ಎರಡು ಸಂಗತಿಗಳ ಮೇಲೆ.

ಪಿಯರ್ಸನ್ ಗುಣಾಂಕವು ಎರಡು ಚಲಕಗಳು (ವಯಸ್ಸು, ಅಂಕಗಳಂಥ ಬದಲಾಗುವ ಅಳತೆಗಳು) ಒಂದೇ ಸರಳರೇಖೆಯ ಸುತ್ತ ಎಷ್ಟು ಒತ್ತಾಗಿ ನಿಂತಿವೆ ಎಂಬುದನ್ನು ಅಳೆಯುತ್ತದೆ. ಅದರ ಬಲವೂ ದೌರ್ಬಲ್ಯವೂ ಅಳತೆಯ ಅಂತರಗಳನ್ನು ನಂಬುವುದರಲ್ಲಿದೆ. ಲೆಕ್ಕಕ್ಕಾಗಿ ನಾನೇ ಕಟ್ಟಿಕೊಂಡ ಒಂದು ಸಣ್ಣ ಉದಾಹರಣೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಐವರು ನರ್ಸ್‌ಗಳ ವಯಸ್ಸು 24, 27, 31, 35, 42 ಎಂದೂ, ಹತ್ತು ಪ್ರಶ್ನೆಗಳ ಮಾಪಕದಲ್ಲಿ ಅವರ ನಿರಾಳತೆಯ ಅಂಕ ಕ್ರಮವಾಗಿ 44, 41, 42, 36, 38 ಎಂದೂ ಇಟ್ಟುಕೊಳ್ಳೋಣ. ಪಿಯರ್ಸನ್ −0.79, ಸ್ಪಿಯರ್‌ಮನ್ −0.80, ಕೆಂಡಾಲ್ −0.60 ಬರುತ್ತವೆ, ವಯಸ್ಸು ಹೆಚ್ಚಿದಂತೆ ನಿರಾಳತೆ ತಗ್ಗುತ್ತದೆ ಎಂಬುದರಲ್ಲಿ ಮೂರೂ ಒಮ್ಮತ ಹೊಂದಿವೆ. ಈಗ ಈ ಪಟ್ಟಿಗೆ 58 ವರ್ಷದ, 49 ಅಂಕ ಪಡೆದ, ವಾರ್ಡಿನಲ್ಲಿ ಉಳಿದವರಿಗೆಲ್ಲ ಹೊಸ ತಂತ್ರಾಂಶ ಹೇಳಿಕೊಡುವಂಥ ಒಬ್ಬ ಹಿರಿಯ ಸಿಸ್ಟರ್ ಅವರನ್ನು ಸೇರಿಸೋಣ. ಪಿಯರ್ಸನ್ ಒಮ್ಮೆಲೇ +0.43ಕ್ಕೆ ಜಿಗಿದು ತನ್ನ ಚಿಹ್ನೆಯನ್ನೇ ಬದಲಿಸುತ್ತದೆ. ಸ್ಪಿಯರ್‌ಮನ್ −0.03, ಕೆಂಡಾಲ್ −0.07; ಅಂದರೆ ಈ ಆರು ಜನರಲ್ಲಿ ಸ್ಪಷ್ಟವಾದ ಒಲವೇನೂ ಇಲ್ಲ ಎಂದು ಅವೆರಡೂ ತಗ್ಗಿದ ದನಿಯಲ್ಲಿ ಹೇಳುತ್ತವೆ.

ನಿಜವಾದ ಮಾದರಿ ಇಷ್ಟು ಚಿಕ್ಕದಿರುವುದಿಲ್ಲವಾದ್ದರಿಂದ ಒಬ್ಬರಿಂದ ಇಷ್ಟೊಂದು ಏರುಪೇರಾಗದು. ಆದರೆ ಐವತ್ತು ದಾಟಿದವರು ಕೈಬೆರಳೆಣಿಕೆಯಷ್ಟೇ ಇರುವ ವಾರ್ಡುಗಳಲ್ಲಿ ಅಪಾಯ ಇದೇ ಜಾತಿಯದು. ಹಾಗೆಂದು ಪಿಯರ್ಸನ್ ಅನ್ನು ಲೈಕರ್ಟ್ ದತ್ತಾಂಶದ ಹತ್ತಿರವೇ ಬಿಡಬಾರದು ಎಂಬ ಮಡಿವಂತಿಕೆಯೂ ನನಗೆ ಒಪ್ಪಿಗೆಯಿಲ್ಲ. ಹತ್ತು ಹನ್ನೆರಡು ಪ್ರಶ್ನೆಗಳ ಅಂಕ ಕೂಡಿಸಿದಾಗ ಬರುವ ಮೊತ್ತವು ಸಾಕಷ್ಟು ಹರಡಿಕೊಂಡಿರುತ್ತದೆ, ಮತ್ತು ವಿಶ್ವಾಸಾರ್ಹತೆಯ ತಿದ್ದುಪಡಿ, ಒಂದು ಚಲಕದಿಂದ ಇನ್ನೊಂದನ್ನು ಅಂದಾಜಿಸುವ ಹಿಂಜರಿತ ವಿಶ್ಲೇಷಣೆ ಮೊದಲಾದ ಮುಂದಿನ ಹೆಜ್ಜೆಗಳೆಲ್ಲ ಪಿಯರ್ಸನ್ ಮೇಲೆಯೇ ನಿಂತಿವೆ. ನಕ್ಷೆಯಲ್ಲಿ ಬಿಂದುಗಳು ಅಂಡಾಕಾರದ ಮೋಡದಂತೆ ಕಂಡರೆ ಅದನ್ನೇ ಬಳಸುತ್ತೇನೆ.

ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಮಂಡಿಸಿದ ವಿಧಾನವು ಅಂಕಗಳನ್ನು ಶ್ರೇಣಿಗಳಾಗಿ ಬದಲಿಸಿ, ಆ ಶ್ರೇಣಿಗಳ ಮೇಲೆ ಪಿಯರ್ಸನ್ ಲೆಕ್ಕವನ್ನೇ ಮಾಡುತ್ತದೆ. ಸಂಬಂಧವು ಬಾಗಿದ್ದರೂ ಒಂದೇ ದಿಕ್ಕಿನಲ್ಲಿ ಸಾಗುತ್ತಿದ್ದರೆ ಇದು ಹಿಡಿಯುತ್ತದೆ. ಹೊಸ ವ್ಯವಸ್ಥೆಯನ್ನು ಬಳಸಿದ ಮೊದಲ ಕೆಲವು ತಿಂಗಳಲ್ಲಿ ನಿರಾಳತೆ ಬೇಗ ಏರಿ, ಆಮೇಲೆ ನಿಧಾನವಾಗುವಂಥ ಸಂದರ್ಭದಲ್ಲಿ ನಾನು ಮೊದಲು ನೋಡುವುದು ಇದನ್ನೇ. ಆದರೆ ಬಿಡಿ ಪ್ರಶ್ನೆಯೊಂದಕ್ಕೆ ಅರ್ಧಕ್ಕರ್ಧ ಜನ 4 ಎಂದೇ ಉತ್ತರಿಸಿದಾಗ ಅವರೆಲ್ಲರಿಗೂ ಒಂದೇ ಸರಾಸರಿ ಶ್ರೇಣಿ ಸಿಗುತ್ತದೆ, ಮತ್ತು ಆ ಶ್ರೇಣಿಗಳ ನಡುವಿನ ಅಂತರಕ್ಕೆ ಅರ್ಥ ಹಚ್ಚುವುದು ಕಷ್ಟವಾಗುತ್ತದೆ. ಅಂತರಗಳನ್ನು ನಂಬಬಾರದು ಎಂದು ಹೊರಟ ವಿಧಾನ ಹಿಂಬಾಗಿಲಿನಿಂದ ಬೇರೊಂದು ಬಗೆಯ ಅಂತರವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಜನಪ್ರಿಯತೆಗೆ ಒಂದು ಕಾರಣ ಅದರ ಸಂಖ್ಯೆ ಪಿಯರ್ಸನ್‌ನಷ್ಟೇ ದೊಡ್ಡದಾಗಿ ಕಾಣುವುದು ಎಂಬ ಗುಮಾನಿ ನನಗಿದೆ.

ಮಾರಿಸ್ ಕೆಂಡಾಲ್ 1938ರಲ್ಲಿ ಕೊಟ್ಟ ಟೌ ಜೋಡಿಗಳನ್ನು ಎಣಿಸುತ್ತದೆ, ಅಷ್ಟೇ. ಮೇಲಿನ ಐವರಿಂದ ಹತ್ತು ಜೋಡಿಗಳಾಗುತ್ತವೆ. ಅವುಗಳಲ್ಲಿ ಎರಡರಲ್ಲಿ ಮಾತ್ರ ಹಿರಿಯರಿಗೆ ಹೆಚ್ಚು ಅಂಕ. ಉಳಿದ ಎಂಟರಲ್ಲಿ ಕಿರಿಯರಿಗೆ ಹೆಚ್ಚು. ಎರಡರಿಂದ ಎಂಟನ್ನು ಕಳೆದು ಹತ್ತರಿಂದ ಭಾಗಿಸಿದರೆ −0.60. ಸಂಖ್ಯಾಶಾಸ್ತ್ರ ಓದದ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೂ ಈ ಸಂಖ್ಯೆಯ ಅರ್ಥವನ್ನು ‘ಯಾವುದಾದರೂ ಇಬ್ಬರನ್ನು ಆರಿಸಿದರೆ ಹತ್ತಕ್ಕೆ ಎಂಟು ಸಲ ಕಿರಿಯರೇ ಹೆಚ್ಚು ನಿರಾಳ’ ಎಂದು ಒಂದೇ ವಾಕ್ಯದಲ್ಲಿ ತಿಳಿಸಬಹುದು; ಉಳಿದೆರಡು ಗುಣಾಂಕಗಳಿಗೆ ಇಂಥ ನೇರವಾದ ಮಾತು ನನಗೆ ಸಿಕ್ಕಿಲ್ಲ. ಸಮಾನ ಉತ್ತರಗಳಿದ್ದಾಗ ಟೌ-ಬಿ ಛೇದದಲ್ಲೇ ಅವನ್ನು ಸರಿದೂಗಿಸುತ್ತದೆ, ಆಗ ಮೇಲಿನ ವಾಕ್ಯ ಅಷ್ಟು ಕಟ್ಟುನಿಟ್ಟಾಗಿ ಹೊಂದುವುದಿಲ್ಲ. ಸಮಾನ ಜೋಡಿಗಳನ್ನು ಪೂರ್ತಿ ಕೈಬಿಡುವ ಗಾಮಾ ಎಂಬ ಇನ್ನೊಂದು ಅಳತೆಯನ್ನೂ ಪ್ರಯತ್ನಿಸಿದ್ದೇನೆ. ಸಮಾನ ಉತ್ತರಗಳು ಹೆಚ್ಚಿದಷ್ಟೂ ಅದು ಸಂಬಂಧವನ್ನು ಉಬ್ಬಿಸಿ ತೋರಿಸುವುದರಿಂದ ಬಿಟ್ಟಿದ್ದೇನೆ. ಬಿಡಿ ಉತ್ತರಗಳ ಹಿಂದೆ ಅಡಗಿದ ನಿರಂತರ ಮನೋಭಾವವನ್ನು ಅಂದಾಜಿಸುವ ಪಾಲಿಕೋರಿಕ್ ಸಹಸಂಬಂಧ ಸೊಗಸಾದದ್ದೇ, ಆದರೆ ಸಣ್ಣ ಮಾದರಿಯಲ್ಲಿ ಯಾರೂ ಆರಿಸದ ಉತ್ತರ-ಜೋಡಿಗಳ ಖಾಲಿ ಕೋಶಗಳು ಬಂದ ಕೂಡಲೇ ಅದು ಹೊಯ್ದಾಡುತ್ತದೆ.

ಟೌ ಬಳಸುವವರಿಗೆ ಎದುರಾಗುವ ನಿಜವಾದ ತೊಂದರೆ ಲೆಕ್ಕದ್ದಲ್ಲ, ಓದುಗರದ್ದು. ಎರಡೂ ಚಲಕಗಳು ಸಾಮಾನ್ಯ (ಗಂಟೆಯಾಕಾರದ) ಹಂಚಿಕೆಯಲ್ಲಿದ್ದು ಪಿಯರ್ಸನ್ 0.50 ಇರುವಾಗ ಸ್ಪಿಯರ್‌ಮನ್ ಸುಮಾರು 0.48 ಇದ್ದರೆ, ಟೌ 0.33 ಮಾತ್ರ ಇರುತ್ತದೆ. ಸಂಬಂಧ ಸಣ್ಣದು, ಮಧ್ಯಮ, ದೊಡ್ಡದು ಎನ್ನಲು ಬಳಸುವ 0.10, 0.30, 0.50 ಎಂಬ ಸಂಖ್ಯಾಶಾಸ್ತ್ರಜ್ಞ ಜೇಕಬ್ ಕೋಹೆನ್ ಅವರ ಗಡಿಗಳು ಪಿಯರ್ಸನ್‌ಗೆ ಹೇಳಿದವು. ಅವನ್ನೇ ಟೌ ಮೇಲೆ ಹೇರಿ ‘ಸಂಬಂಧ ದುರ್ಬಲ’ ಎಂದು ಷರಾ ಬರೆಯುವ ವಿಮರ್ಶಕರು ಇದ್ದೇ ಇರುತ್ತಾರೆ. ಆದ್ದರಿಂದ ಕೋಷ್ಟಕದ ಕೆಳಗೆ ಈ ಹೊಂದಾಣಿಕೆಯನ್ನು ಒಂದು ಸಾಲಿನಲ್ಲಿ ಬರೆದಿಡುತ್ತೇನೆ.

ಸಂಖ್ಯಾಶಾಸ್ತ್ರದ ತಂತ್ರಾಂಶಗಳ ವಿಷಯಕ್ಕೆ ಬಂದರೆ, ಎಸ್‌ಪಿಎಸ್‌ಎಸ್‌ನಲ್ಲಿ ಪಿಯರ್ಸನ್‌ಗೆ ಮೊದಲೇ ಗುರುತು ಬಿದ್ದಿರುತ್ತದೆ, ಉಳಿದೆರಡನ್ನು ನಾವೇ ಆರಿಸಬೇಕು. ಎಕ್ಸೆಲ್‌ನ ಕೋರೆಲ್ ಸೂತ್ರ ಪಿಯರ್ಸನ್ ಮಾತ್ರ ಕೊಡುತ್ತದೆ. ಸ್ಪಿಯರ್‌ಮನ್ ಬೇಕಿದ್ದರೆ ಮೊದಲು ಸರಾಸರಿ ಶ್ರೇಣಿ ಕೊಡುವ ಸೂತ್ರದಿಂದಲೇ ಶ್ರೇಣಿ ಹಾಕಿಕೊಳ್ಳಬೇಕು. ಸಮಾನ ಉತ್ತರಗಳಿದ್ದಾಗ ನಿಖರ ಪಿ-ಮೌಲ್ಯ (ನಂಟೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಗುಣಾಂಕ ಬರುವ ಸಂಭವ) ಸಿಗದು ಎಂದು ಆರ್ ಎಂಬ ತಂತ್ರಾಂಶ ಕೊಡುವ ಎಚ್ಚರಿಕೆಯಿಂದ ಗಾಬರಿಯಾಗಬೇಕಿಲ್ಲ, ಅದು ಅಂದಾಜು ಲೆಕ್ಕಕ್ಕೆ ಹೊರಳಿದೆ ಎಂದಷ್ಟೇ ಅರ್ಥ. ‘ಹೊಸ ಯಂತ್ರ ಕಂಡರೆ ನನಗೆ ಆತಂಕವಾಗುತ್ತದೆ’ ಎಂಬಂಥ ವಿಲೋಮ ಪ್ರಶ್ನೆಗಳ ಅಂಕವನ್ನು ತಿರುಗಿಸದೆ ಕೂಡಿಸಿದ್ದರೆ ಮಾತ್ರ ಯಾವ ಗುಣಾಂಕವೂ ಕಾಪಾಡದು.

ಪಿ-ಮೌಲ್ಯಕ್ಕಿಂತ ವಿಶ್ವಾಸಾಂತರವನ್ನು, ಅಂದರೆ ನಿಜವಾದ ಗುಣಾಂಕ ಇರಬಹುದಾದ ವ್ಯಾಪ್ತಿಯನ್ನು, ವರದಿ ಮಾಡುವುದು ನನಗೆ ಹೆಚ್ಚು ಇಷ್ಟ. 120 ಜನರಲ್ಲಿ ಪಿಯರ್ಸನ್ −0.30 ಬಂದರೆ ಶೇ. 95ರ ವಿಶ್ವಾಸಾಂತರ −0.45ರಿಂದ −0.13ರವರೆಗೆ ಚಾಚಿಕೊಳ್ಳುತ್ತದೆ. ಈ ಅಗಲವನ್ನು ಕಂಡವರು ಮೂರು ಗುಣಾಂಕಗಳ ನಡುವಿನ ಎರಡನೆಯ ದಶಾಂಶದ ಜಗಳವನ್ನು ತಾವಾಗಿಯೇ ಬಿಡುತ್ತಾರೆ.

ಇನ್ನು, ಮೂರಕ್ಕೂ ಒಂದೇ ಬಗೆಯಲ್ಲಿ ಕಾಣದಿರುವುದು ಮೂರನೆಯ ಚಲಕ. ವಯಸ್ಸಿಗೂ ನಿರಾಳತೆಗೂ −0.40, ಸೇವಾವಧಿಗೂ ನಿರಾಳತೆಗೂ −0.35, ವಯಸ್ಸಿಗೂ ಸೇವಾವಧಿಗೂ 0.85 ಇದೆ ಎಂದು ಭಾವಿಸಿದರೆ, ‘ಸೇವೆ ಹೆಚ್ಚಿದಷ್ಟೂ ತಂತ್ರಜ್ಞಾನದ ಅಳುಕು ಹೆಚ್ಚು’ ಎಂಬ ಶೀರ್ಷಿಕೆ ಬರೆಯಲು ಕೈ ತುರಿಸುತ್ತದೆ. ವಯಸ್ಸನ್ನು ಸ್ಥಿರವಾಗಿಟ್ಟು ಆಂಶಿಕ ಸಹಸಂಬಂಧ ಲೆಕ್ಕ ಹಾಕಿದರೆ ಸೇವಾವಧಿಯ ಪಾಲಿಗೆ ಉಳಿಯುವುದು −0.02. ಪಿಯರ್ಸನ್‌ನಲ್ಲಿ ಈ ಲೆಕ್ಕ ಸಲೀಸು. ಶ್ರೇಣಿಗಳ ಮೇಲೆ ಅದೇ ಸೂತ್ರ ಹಾಕಿ ಸ್ಪಿಯರ್‌ಮನ್‌ನಲ್ಲೂ ಮಾಡಬಹುದು. ಆಂಶಿಕ ಟೌಗೂ ಸೂತ್ರವಿದೆ, ಆದರೆ ಅದರ ಪ್ರಾಮುಖ್ಯ ಪರೀಕ್ಷೆ (ಫಲಿತಾಂಶ ಬರೀ ಆಕಸ್ಮಿಕವೇ ಎಂದು ನೋಡುವುದು) ಅಷ್ಟು ಸರಳವಲ್ಲ. ಆದ್ದರಿಂದ ಮೂರನೆಯ ಚಲಕವನ್ನು ಲೆಕ್ಕಕ್ಕೆ ತರಲೇಬೇಕಾದ ಅಧ್ಯಯನಗಳಲ್ಲಿ ಟೌ-ಬಿಯನ್ನು ಬಿಡಿ ಪ್ರಶ್ನೆಗಳ ಕೋಷ್ಟಕಕ್ಕೆ ಮೀಸಲಿಟ್ಟು, ಮುಖ್ಯ ವಿಶ್ಲೇಷಣೆಯನ್ನು ಒಟ್ಟು ಅಂಕಗಳ ಪಿಯರ್ಸನ್ ಮೇಲೆಯೇ ನಡೆಸುತ್ತೇನೆ.