ರಬ್ಬರ್ ರಗ್ಬಿ ಬಾಲ್, 5ನೇ ಸೈಜು: ಕೈಗೆ ಒಳ್ಳೇದು, ಕಾಲಿಗೆ ಅಷ್ಟಕ್ಕಷ್ಟೆ

ಬಳ್ಳಾರಿಯಲ್ಲಿ ಆಟದ ಸಾಮಾನಿನ ಅಂಗಡಿಗೆ ಹೋಗಿ ಮೊಟ್ಟೆಯಾಕಾರದ ರಗ್ಬಿ ಬಾಲ್ ಕೇಳಿದರೆ ಮೊದಲು ಫುಟ್‌ಬಾಲ್ ತೋರಿಸುತ್ತಾರೆ. ಬೇಜಾರಾಗಬೇಡಿ, ಹೇಳಿಟ್ಟರೆ ತರಿಸಿ ಕೊಡುತ್ತಾರೆ. ನನಗೆ ಸಿಕ್ಕಿದ್ದು ಜಲಂಧರ್‌ನಲ್ಲಿ ತಯಾರಾದ ರಬ್ಬರ್ ಬಾಲ್. ಬೆಲೆ 650 ರೂಪಾಯಿ.

ನಾನು ಕುರುಗೋಡು ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನಮ್ಮಲ್ಲಿ ಕಬಡ್ಡಿ ಬಿಟ್ಟರೆ ವಾಲಿಬಾಲ್. ಹೀಗಿರುವಾಗ ಒಂಬತ್ತನೇ ಕ್ಲಾಸಿನ ನಮ್ಮ ರೈಡರ್ ಒಬ್ಬನಿಗೆ ಮೊಬೈಲಿನಲ್ಲಿ ರೀಸ್ ವಾಲ್ಶ್ ಹುಚ್ಚು ಹಿಡಿಯಿತು. ಆಸ್ಟ್ರೇಲಿಯಾದ ರಗ್ಬಿ ಲೀಗ್‌ನಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ತಂಡದ ಫುಲ್‌ಬ್ಯಾಕ್ (ಎಲ್ಲರಿಗಿಂತ ಹಿಂದೆ ನಿಲ್ಲುವ ಆಟಗಾರ) ಅವನು. "ಸಾರ್, ಅಂಥಾದ್ದೇ ಬಾಲ್ ತರ್ಸ್ರಿ" ಅಂತ ದಿನಾ ಪೀಡಿಸಿ ತರಿಸಿಯೇ ಬಿಟ್ಟ.

ಹಿಡಿತಕ್ಕೆ ಪೂರ್ತಿ ಅಂಕ. ಮೈತುಂಬಾ ಸಾಸಿವೆ ಕಾಳಿನಂಥ ಉಬ್ಬುಗಳಿವೆ. ಏಪ್ರಿಲ್ ಬಿಸಿಲಲ್ಲಿ ಕೈ ಬೆವತರೂ ಜಾರುವುದಿಲ್ಲ. ಆದರೆ ನಮ್ಮ ಕೆಂಪು ಧೂಳು ಆ ಉಬ್ಬುಗಳ ಸಂದಿಗೆ ಸೇರಿಕೊಂಡರೆ ಮುಗೀತು, ನುಣ್ಣಗಾಗಿಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಆಗಾಗ ಒರೆಸುತ್ತಿರಬೇಕು.

ಪಾಸ್ ಕಲಿಸಲು ಚೆನ್ನಾಗಿದೆ. ಎರಡೂ ಕೈಯಲ್ಲಿ ಹಿಡಿದು, ಸೊಂಟ ತಿರುಗಿಸಿ ಬಿಟ್ಟರೆ ನೇರವಾಗಿ ತಿರುಗುತ್ತಾ ಹೋಗುತ್ತದೆ. ಕಬಡ್ಡಿ ಹುಡುಗರಿಗೆ ಹಿಡಿದು ಕೆಡವುವುದನ್ನು ಕಲಿಸಬೇಕಿಲ್ಲ. ಮುಂದೆ ಓಡುತ್ತಾ ಬಾಲನ್ನು ಹಿಂದಕ್ಕೇ ಕೊಡಬೇಕು ಅಂದರೆ ಮಾತ್ರ ತಲೆ ಕೆಡುತ್ತದೆ. ವಾಲ್ಶ್ ನಡುವಿನ ಇಬ್ಬರನ್ನು ಬಿಟ್ಟು ಅಂಚಿನವನಿಗೆ ಉದ್ದ ಪಾಸ್ ಎಸೆಯುತ್ತಾನಲ್ಲ, ಎಲ್ಲರಿಗೂ ಮೊದಲ ದಿನವೇ ಅದೇ ಬೇಕು!

ಅದಕ್ಕೇ ಅವನ ಶುರುವಿನ ಕಥೆ ಹೇಳಿದೆ. ಸೀನಿಯರ್ ತಂಡದಲ್ಲಿ ಒಂದು ಪಂದ್ಯವನ್ನೂ ಆಡಿಸದೆ ಬ್ರಿಸ್ಬೇನ್ ಅವನನ್ನು ಬಿಟ್ಟುಕೊಟ್ಟಿತ್ತು. 2021ರ ಏಪ್ರಿಲ್‌ನಲ್ಲಿ, 18ನೇ ವಯಸ್ಸಿಗೆ, ನ್ಯೂಜಿಲೆಂಡ್ ವಾರಿಯರ್ಸ್ ಪರ ಮೊದಲ ಪಂದ್ಯ. ಕೊರೊನಾದಿಂದಾಗಿ ಆ ತಂಡ ಆಗ ತನ್ನ ದೇಶ ಬಿಟ್ಟು ಆಸ್ಟ್ರೇಲಿಯಾದಲ್ಲೇ ಬಿಡಾರ ಹೂಡಿತ್ತು. 2023ರಲ್ಲಿ ಬ್ರಿಸ್ಬೇನ್‌ಗೆ ವಾಪಸ್. ಅದೇ ವರ್ಷದ ಫೈನಲ್‌ನಲ್ಲಿ 24-8ರಿಂದ ಮುಂದಿದ್ದವರು ಪೆನ್ರಿತ್ ಎದುರು 26-24ಕ್ಕೆ ಸೋತರು. (ಹಾಫ್ ಟೈಮಿಗೇ ಗೆದ್ದವರಂತೆ ಮೆರೆಯುವ ನಮ್ಮ ಹುಡುಗರಿಗೆ ಈ ಸ್ಕೋರು ಬಾಯಿಪಾಠ ಮಾಡಿಸಿದ್ದೇನೆ.) 2025ರ ಫೈನಲ್‌ನಲ್ಲಿ ಮೆಲ್ಬರ್ನ್ ಮೇಲೆ 26-22ಕ್ಕೆ ಗೆದ್ದಾಗ ಶ್ರೇಷ್ಠ ಆಟಗಾರನ ಪದಕವೂ ಅವನಿಗೇ. ಅಲ್ಲಿನ ರಾತ್ರಿ ಆಟ ನಮಗೆ ಮಧ್ಯಾಹ್ನವೇ ಶುರು, ಊಟ ಮುಗಿಸಿ ನೋಡಬಹುದು.

ಇನ್ನು ಕಾಲಿನ ವಿಷಯ. ನಮ್ಮಂಥ ಗಟ್ಟಿ ನೆಲದಲ್ಲಿ ಈ ಬಾಲ್ ಜಾಸ್ತಿ ಪುಟಿಯುತ್ತದೆ, ಎತ್ತ ಹಾರುತ್ತದೋ ದೇವರೇ ಬಲ್ಲ. ಒದ್ದು ಒದ್ದು ಒಂದು ತುದಿ ಊದಿಕೊಂಡಿದೆ. ಒಮ್ಮೆ ಅಂಚಿನ ಬಳ್ಳಾರಿ ಜಾಲಿಗೆ ಬಿದ್ದು ಪಂಚರ್ ಆಯಿತು. ಮುಳ್ಳು ಚುಚ್ಚಿದ್ದಕ್ಕೆ ಗ್ಯಾರಂಟಿ ಇಲ್ಲ ಅಂದರು ಅಂಗಡಿಯವರು, ಅದು ನ್ಯಾಯವೇ. ಸೈಕಲ್ ಶಾಪಿನವನು ಪ್ಯಾಚ್ ಹಾಕಿಕೊಟ್ಟ. ಗಾಳಿ ನಿಲ್ಲುತ್ತದೆ, ಆದರೆ ಪ್ಯಾಚ್ ಇರುವ ಕಡೆ ಬೆರಳಿಗೆ ತಡೆಯುತ್ತದೆ.

ಸುಮ್ನೆ ಪಾಸ್ ಅಭ್ಯಾಸಕ್ಕೆ, ಹೊಸದಾಗಿ ಕಲಿಯುವವರಿಗೆ ಈ ದುಡ್ಡಿಗೆ ಮೋಸವಿಲ್ಲ. ಒದೆಯುವುದೇ ಜಾಸ್ತಿ ಅಂದರೆ ಇನ್ನೊಂದಿಷ್ಟು ದುಡ್ಡು ಹಾಕಿ ಹೊಲಿಗೆಯ ಬಾಲನ್ನೇ ತರಿಸಿ. ಹಾಂ, ಪಂಪಿನ ಸೂಜಿ ಜೊತೆಗೆ ಬರುವುದಿಲ್ಲ, ಕೇಳಿ ಇಸ್ಕೊಳ್ಳಿ.