ನೇತ್ರಾಣಿ, ಹ್ಯಾವ್‌ಲಾಕ್, ತುಲಂಬೆನ್: ಮೂರೂ ಕಡೆ ಮುಳುಗಿ ಬಂದ್ಮೇಲೆ ಬರೀತಿರೋದು

ಸ್ಕೂಬಾ ಡೈವಿಂಗ್‌ಗೆ, ಅಂದ್ರೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಮುಳುಗೋಕೆ, ಹೋಗ್ಬೇಕು ಅನ್ನೋರು ನನ್ನ ಮೊದ್ಲು ಕೇಳೋದು ಎಲ್ಲಿ ಮೀನು ಜಾಸ್ತಿ, ಎಲ್ಲಿ ಖರ್ಚು ಕಮ್ಮಿ ಅಂತ. ನಾನೂ ಹಾಗೇ ಕೇಳ್ಕೊಂಡು ಹೋದೋಳೇ. ಆದ್ರೆ ಈಗ ಟ್ರಿಪ್ ಹಾಕೋಕೆ ಮುಂಚೆ ನಾನು ನೋಡೋ ಲೆಕ್ಕ ಒಂದೇ, ಹಾಕಿದ ರಜೆಗೆ ನೀರೊಳಗೆ ಎಷ್ಟು ನಿಮಿಷ ಸಿಗುತ್ತೆ ಅನ್ನೋದು. ಕರ್ನಾಟಕದ ನೇತ್ರಾಣಿ, ಅಂಡಮಾನಿನ ಹ್ಯಾವ್‌ಲಾಕ್, ಬಾಲಿಯ ತುಲಂಬೆನ್, ಈ ಮೂರೂ ಕಡೆ ನಾನೂ ನಮ್ಮಣ್ಣನೂ ಸ್ವಂತ ಹೋಗಿ ಬಂದಿದೀವಿ, ಇಬ್ರ ಹತ್ರಾನೂ ಡೈವಿಂಗ್ ಕಲಿತವರಿಗೆ ಕೊಡೋ ಅಡ್ವಾನ್ಸ್ಡ್ ಕಾರ್ಡ್ ಇದೆ, ಅಂದ್ರೆ 30 ಮೀಟರ್ ತನಕ ಇಳೀಬಹುದು, ಬರೀ ಓಪನ್ ವಾಟರ್ ಅನ್ನೋ ಮೊದಲನೇ ಹಂತದ ಕಾರ್ಡ್ ಇರೋರಿಗೆ 18 ಮೀಟರ್. ಇದನ್ನ ಓದುವಾಗ ಅದು ನೆನಪಲ್ಲಿರ್ಲಿ.

ನೇತ್ರಾಣಿ ನಮ್ದೇ ಊರಿನ ಸಮುದ್ರ, ಅದಕ್ಕೆ ಅದರಿಂದಾನೇ ಶುರು ಮಾಡ್ತೀನಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗೆ, ನಮ್ಮ ಬೋಟಿಗೆ ಒಂದೂಕಾಲು ಗಂಟೆ ಹಿಡೀತು. ಹಿಂದೆ ನೌಕಾಪಡೆಯೋರು ಗುಂಡಿನ ಅಭ್ಯಾಸಕ್ಕೆ ಬಳಸ್ತಿದ್ದ ದ್ವೀಪ ಇದು, ಬಂಡೆ ನೇರ ನೀರಿಗೆ ಇಳಿದಿದೆ, ಮೇಲೆ ಬಿಳಿ ಹೊಟ್ಟೆಯ ಸಮುದ್ರ ಹದ್ದುಗಳು ಸುತ್ತುತ್ತಿರ್ತವೆ. ಬೆಳಿಗ್ಗೆ ಬನ್ಸ್ ಭಾಜಿ ಹೊಟ್ಟೆ ತುಂಬಾ ತಿಂದು ಬೋಟ್ ಹತ್ಬೇಡಿ, ದ್ವೀಪ ಮುಟ್ಟಿದ ಮೇಲೆ ಬೋಟ್ ನಿಂತಲ್ಲೇ ಓಲಾಡುತ್ತೆ ನೋಡಿ, ಜೊತೆಗೆ ಡೀಸೆಲ್ ವಾಸನೆ, ಆವಾಗಲೇ ಎಲ್ರಿಗೂ ವಾಂತಿ ಶುರುವಾಗೋದು. ನಾವು ಹೋಗಿದ್ದು ಜನವರಿಯಲ್ಲಿ, ನೀರು ಹನ್ನೆರಡು ಮೀಟರ್ ದೂರದ ತನಕ ಚೆನ್ನಾಗಿ ಕಾಣ್ತಿತ್ತು. ಹವಳ ಅಂಡಮಾನಿನಷ್ಟು ದಟ್ಟವಾಗಿಲ್ಲ, ಬಂಡೆಗಳೇ ಜಾಸ್ತಿ, ಆದ್ರೆ ಬಂಡೆ ಸಂದಿಯೊಳಗೆ ಟಾರ್ಚ್ ಬಿಟ್ರೆ ಬೇರೆ ಲೋಕ. ಒಂದು ಮೊರೆ ಈಲ್, ಹಾವಿನ ಥರದ ಮೀನು, ಬಾಯಿ ತೆರ್ಕೊಂಡು ಕೂತಿತ್ತು, ಬೆರಳಿನಷ್ಟು ಸಣ್ಣ ಸಿಗಡಿಯೊಂದು ಅದರ ಹಲ್ಲಿನ ಮಧ್ಯೆ ಓಡಾಡ್ಕೊಂಡು ಕ್ಲೀನ್ ಮಾಡ್ತಿತ್ತು, ನಾನು ಅಲ್ಲೇ ಐದು ನಿಮಿಷ ಅಲುಗಾಡದೆ ನಿಂತಿದ್ದೆ. ನಾವು ಇಳಿದ ಎರಡೂ ಜಾಗದಲ್ಲಿ ಮುಳುಗಿದ ಹಡಗು ಅಂತ ಏನೂ ಇಲ್ಲ, ಅದಕ್ಕೋಸ್ಕರ ಇಲ್ಲಿಗೆ ಬರ್ಬೇಡಿ. ಎರಡು ಡೈವ್, ಒಟ್ಟು ಎಂಬತ್ತೈದು ನಿಮಿಷ, ಅದಕ್ಕೆ ಇಡೀ ದಿನ ಹೋಯ್ತು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು, ಯಾಕಂದ್ರೆ ಬೆಂಗಳೂರಿಂದ ವೀಕೆಂಡ್ ಹೋಗೋರು ತುಂಬಾ ಜನ ಇದನ್ನ ಯೋಚ್ನೇನೇ ಮಾಡಲ್ಲ. ಮಧ್ಯಾಹ್ನ ಒಂದು ಗಂಟೆಗೆ ನೀರಿಂದ ಎದ್ದು, ಅವತ್ತೇ ರಾತ್ರಿ ಬಸ್ ಹತ್ತಿ ಘಾಟಿ ಏರಿ ಬೆಳಿಗ್ಗೆ ಆಫೀಸು. ಡೈವ್ ಮಾಡುವಾಗ ಮೈಯಲ್ಲಿ ಸೇರ್ಕೊಂಡ ನೈಟ್ರೋಜನ್ ನಿಧಾನಕ್ಕೆ ಹೊರಗೆ ಹೋಗ್ಬೇಕು, ಅಷ್ಟರಲ್ಲಿ ಎತ್ತರಕ್ಕೆ ಹೋದ್ರೆ ಗಾಳಿಯ ಒತ್ತಡ ಕಮ್ಮಿಯಾಗಿ ಅದು ಗುಳ್ಳೆ ಕಟ್ಟುತ್ತೆ. ವಿಮಾನಕ್ಕೆ ಹೇಳೋ ನಿಯಮ, ಒಂದೇ ಡೈವ್ ಆದ್ರೆ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದ್ರೆ 18 ಗಂಟೆ ಕಾಯ್ಬೇಕು ಅನ್ನೋದು, 2000 ಅಡಿ ದಾಟೋ ರಸ್ತೆಗೂ ಅನ್ವಯ ಆಗುತ್ತೆ, ಬೆಂಗಳೂರು ಇರೋದೇ 3000 ಅಡಿಯಲ್ಲಿ. ಮೊದಲನೇ ಸಲ ನಾವು ಬುಕ್ ಮಾಡಿದ್ದ ಡೈವ್ ಸೆಂಟರಿನೋರು ಇದರ ಬಗ್ಗೆ ಒಂದು ಮಾತೂ ಹೇಳ್ಲಿಲ್ಲ, ಅಣ್ಣನೇ ಪುಸ್ತಕದಲ್ಲಿ ಓದಿದ್ದು ನೆನಪಾಗಿ "ಇವತ್ತು ಟಿಕೆಟ್ ಕ್ಯಾನ್ಸಲ್ ಮಾಡು ಕಣೇ, ನಾಳೆ ಹೋಗೋಣ" ಅಂದ. ಇನ್ನೊಂದು ರಾತ್ರಿ ಉಳ್ಕೊಂಡ್ವಿ, ಸಂಜೆ 123 ಅಡಿ ಶಿವನ ಕಾಲ ಬುಡದಲ್ಲಿ ಕೂತು ಸೂರ್ಯ ಮುಳುಗೋದು ನೋಡಿದ್ವಿ. ಹಾಗಾಗಿ ನೇತ್ರಾಣಿಗೆ ಎರಡು ದಿನ ಅಲ್ಲ, ಮೂರು ದಿನ ಇಟ್ಕೊಳಿ.

ಹ್ಯಾವ್‌ಲಾಕ್‌ಗೆ, ಅಂದ್ರೆ 2018ರಿಂದ ಸ್ವರಾಜ್ ದ್ವೀಪ, ವಿಮಾನ ಇಳಿದು ಮತ್ತೆ ಫೆರ್ರಿ ಹಿಡೀಬೇಕು, ಹೋಗೋಕೊಂದು ದಿನ ಬರೋಕೊಂದು ದಿನ ಬರೆದುಬಿಡಿ. ರೀಫ್, ಅಂದ್ರೆ ಹವಳದ ದಿಬ್ಬ, ಅಂತ ನೋಡಿದ್ರೆ ಮೂರರಲ್ಲಿ ಇದೇ ಮೇಲು, ನನಗೆ ಇದರಲ್ಲಿ ಎರಡನೇ ಮಾತಿಲ್ಲ. ಜಾನೀಸ್ ಗಾರ್ಜ್ ಅನ್ನೋ ಡೈವ್ ಜಾಗದಲ್ಲಿ ಸ್ನ್ಯಾಪರ್ ಮೀನಿನ ಹಿಂಡು ಗೋಡೆ ಥರ ನಿಂತಿತ್ತು, ನಾವು ಹತ್ರ ಹೋದ್ರೆ ಬಾಗಿಲು ತೆರೆದ ಹಾಗೆ ಸರಿದು ದಾರಿ ಬಿಟ್ಟು ಹಿಂದೆ ಮತ್ತೆ ಮುಚ್ಕೊಳ್ತು. ಆದ್ರೆ ಅಲ್ಲಿ ಆಳ ಜಾಸ್ತಿ, ಹೋದ ದಿನ ನೀರಿನ ಸೆಳೆತವೂ ಇತ್ತು, ಈಜಿ ಈಜಿ ನನ್ನ ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್‌ನಿಂದ 70ಕ್ಕೆ ಇಳಿಯೋಕೆ ಇಪ್ಪತ್ತೆಂಟು ನಿಮಿಷ ಸಾಕಾಯ್ತು. ನೀಮೋ ರೀಫ್ ದಡದಿಂದಲೇ ನಡ್ಕೊಂಡು ಇಳಿಯೋದು, ಹೊಸಬರಿಗೆ ಚೆನ್ನಾಗಿದೆ. 2010ರಲ್ಲಿ ನೀರು ಬಿಸಿಯಾಗಿ ಅಂಡಮಾನಿನ ಹವಳ ತುಂಬಾ ಬೆಳ್ಳಗಾಗಿ ಸತ್ತಿತ್ತು, ಕೆಲವು ಕಡೆ ಮುರಿದ ಹವಳದ ಚೂರುಗಳ ರಾಶಿ ನೋಡಿ ಮನಸ್ಸಿಗೆ ಬೇಜಾರಾಯ್ತು, ಅದರ ಮೇಲೇ ಹೊಸದು ಚಿಗುರಿರೋದೂ ಕಂಡ್ತು. ಹಡಗು ಅಂದ್ರೆ ಮಾರ್ಸ್ ಅನ್ನೋ ಸಣ್ಣದೊಂದಿದೆ, ಹಡಗಿನ ಡೈವ್ ಹೇಗಿರುತ್ತೆ ಅಂತ ರುಚಿ ನೋಡೋಕೆ ಸರಿ, ಅದಕ್ಕೇ ಅಂತ ಅಷ್ಟು ದೂರ ಹೋಗೋದು ಬೇಡ. ಆರು ದಿನದ ರಜೆಯಲ್ಲಿ ಏಳು ಡೈವ್ ಆಯ್ತು, ನೀರೊಳಗೆ ಐದು ಗಂಟೆಗೆ ಸ್ವಲ್ಪ ಕಮ್ಮಿ.

ಹಡಗು ಬೇಕು ಅಂದ್ರೆ ತುಲಂಬೆನ್. ಬಾಲಿಯ ಈಶಾನ್ಯ ದಡದ ಸಣ್ಣ ಹಳ್ಳಿ, ಡೆನ್ಪಸಾರ್ ಏರ್‌ಪೋರ್ಟಿಂದ ಕಾರಲ್ಲಿ ಸುಮಾರು ಮೂರು ಗಂಟೆ. ಅಲ್ಲಿರೋದು ಲಿಬರ್ಟಿ ಅನ್ನೋ ಅಮೆರಿಕನ್ ಸೈನ್ಯದ ಸರಕು ಹಡಗು, ಉದ್ದ ನೂರಿಪ್ಪತ್ತು ಮೀಟರ್ ಹತ್ರ. 1942ರ ಜನವರಿ 11ಕ್ಕೆ ಲೊಂಬೊಕ್ ಹತ್ರ ಜಪಾನಿನ ಸಬ್‌ಮರೀನ್ ಟಾರ್ಪಿಡೋ ಹೊಡೀತು, ಎಳ್ಕೊಂಡು ಬಂದು ತುಲಂಬೆನ್ ದಡಕ್ಕೆ ಹತ್ತಿಸಿದ್ರು, ಇಪ್ಪತ್ತೊಂದು ವರ್ಷ ಅದು ದಡದಲ್ಲೇ ಬಿದ್ದಿತ್ತು, 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಜಾರಿ ನೀರಿಗೆ ಹೋಯ್ತು. ಹಾಗಾಗಿ ದಡದಿಂದ ಸ್ವಲ್ಪವೇ ದೂರ, ಮೇಲಿನ ಭಾಗ ಐದು ಮೀಟರ್ ಆಳದಲ್ಲೇ ಸಿಗುತ್ತೆ, ಕೆಳಗಿನ ತುದಿ ಮೂವತ್ತರ ಹತ್ರ. ಓಪನ್ ವಾಟರ್ ಕಾರ್ಡಿನೋರಿಗೂ ಅರ್ಧಕ್ಕಿಂತ ಜಾಸ್ತಿ ಹಡಗು ಕಾಣುತ್ತೆ, ಬೇರೆ ಎಷ್ಟು ಹಡಗಿನಲ್ಲಿ ಈ ಭಾಗ್ಯ ಇದೆ ಹೇಳಿ.

ಬೋಟಿಲ್ಲ, ವಾಂತಿಯಿಲ್ಲ. ಅಲ್ಲಿನ ಹೆಂಗಸರು ಸಿಲಿಂಡರನ್ನ ತಲೆ ಮೇಲೆ ಇಟ್ಕೊಂಡು ಬಂದು ದಡದಲ್ಲಿ ಸಾಲಾಗಿ ಇಡ್ತಾರೆ, ಒಬ್ಬಾಕೆ ನಮ್ಮಮ್ಮನ ವಯಸ್ಸಿನೋರು, ಎರಡು ಸಿಲಿಂಡರ್ ಹೊತ್ಕೊಂಡು ಬರಿ ಚಪ್ಪಲಿಯಲ್ಲಿ ಆ ಕಲ್ಲಿನ ಮೇಲೆ ನಡೀತಿದ್ರು. ದಡ ಪೂರ್ತಿ ಕಪ್ಪು ಉರುಟು ಕಲ್ಲು, ಅಲೆ ವಾಪಸ್ ಹೋಗುವಾಗ ಕಲ್ಲೆಲ್ಲ ಗಡಗಡ ಅಂತ ಉರುಳ್ತವೆ, ಕಾಲು ಹೊರಳುತ್ತೆ, ಗಟ್ಟಿ ತಳದ ಡೈವಿಂಗ್ ಬೂಟು ಇಲ್ದೆ ಹೋಗ್ಬೇಡಿ. ಬೆಳಿಗ್ಗೆ ಆರಕ್ಕೇ ಇಳಿದ್ವಿ, ಒಂಬತ್ತರ ಮೇಲೆ ದಕ್ಷಿಣ ಬಾಲಿಯಿಂದ ಗುಂಪುಗುಂಪಾಗಿ ಜನ ಬರ್ತಾರೆ. ಆ ಅರೆಗತ್ತಲಲ್ಲಿ ಹಣೆ ಉಬ್ಬಿರೋ ದೊಡ್ಡ ಗಿಳಿಮೀನುಗಳು, ಒಂದೊಂದೂ ಒಂದು ಮೀಟರ್ ಇರ್ಬೇಕು, ಹಡಗಿನ ಮೈ ಪಕ್ಕ ದನಗಳು ಹೊರಟ ಹಾಗೆ ಸಾಲಾಗಿ ಹೋದ್ವು. ಆಮೇಲೆ ಅಣ್ಣ ನನ್ನ ಕೈ ತಟ್ಟಿ ಮೇಲೆ ತೋರಿಸ್ದ. ತಲೆ ಎತ್ತಿದ್ರೆ ಹಡಗಿನ ಕಬ್ಬಿಣದ ಪಕ್ಕೆಲುಬುಗಳು, ಅದರ ತುಂಬಾ ಬೀಸಣಿಗೆ ಥರದ ಸೀ ಫ್ಯಾನು, ಹವಳ, ಸಂದಿಯಿಂದ ಆಗತಾನೆ ಹುಟ್ಟಿದ ಬಿಸಿಲು ಕೋಲು ಕೋಲಾಗಿ ಇಳೀತಿತ್ತು. ಹಡಗು ಯಾವುದು ರೀಫ್ ಯಾವುದು ಅಂತ ಬೇರೆ ಮಾಡೋಕೇ ಆಗಲ್ಲ. ಒಡೆದು ತೆರ್ಕೊಂಡಿರೋದ್ರಿಂದ ಕೆಲವು ಕಡೆ ಹಾದು ಹೋಗ್ಬಹುದು, ಆದ್ರೆ ಇನ್ನೊಂದು ಬದಿಯ ಬೆಳಕು ಕಾಣದ ಕಡೆಗೆ ಟ್ರೇನಿಂಗ್ ಇಲ್ದೆ ನುಗ್ಗಬೇಡಿ.

ಐದು ದಿನದಲ್ಲಿ ಒಂಬತ್ತು ಡೈವ್, ಪ್ರತಿಯೊಂದೂ ಐವತ್ತು ನಿಮಿಷದ ಮೇಲೆ. ಖರ್ಚಲ್ಲಿ ವಿಮಾನದ್ದೇ ದೊಡ್ಡದು, ಅದನ್ನ ಬಿಟ್ರೆ ಒಂದೊಂದು ಡೈವ್‌ಗೆ ಕೊಟ್ಟಿದ್ದು ನೇತ್ರಾಣಿಗಿಂತ ಕಮ್ಮಿನೇ ಬಂತು, ಬೋಟ್ ಇಲ್ವಲ್ಲ. ವೀಸಾ ಅಲ್ಲೇ ಇಳಿದ್ಮೇಲೆ ಕೊಡ್ತಾರೆ, 5 ಲಕ್ಷ ಇಂಡೋನೇಷ್ಯಾ ರುಪಿಯಾ, ಬಾಲಿಯ ಟೂರಿಸ್ಟ್ ಫೀಸ್ ಬೇರೆ ಒಂದೂವರೆ ಲಕ್ಷ, ಅಂಕೆ ನೋಡಿ ಗಾಬರಿ ಆಗ್ಬೇಡಿ ಅದು ಅವರ ದುಡ್ಡಿನ ಲೆಕ್ಕ. ಮತ್ತೆ ಅಲ್ಲೂ ಘಾಟಿ ಮಾತು ಬಂತು, ಡ್ರೈವರ್ ವಾಪಸ್ ಬರುವಾಗ ಕಿಂತಮಣಿ ಮೇಲೆ ಹೋಗೋಣ, ಚೆನ್ನಾಗಿದೆ ಅಂದ, ಅದು ಒಂದೂವರೆ ಸಾವಿರ ಮೀಟರ್ ಎತ್ತರ. ಬೇಡ, ಸಮುದ್ರದ ಪಕ್ಕದ ರಸ್ತೆಯಲ್ಲೇ ಹೋಗಪ್ಪ ಅಂದ್ವಿ.

ಹಾಗಾದ್ರೆ ಯಾವುದು? ಇನ್ನೂ ತೇಲೋದು ಹಿಡಿತಕ್ಕೆ ಬಂದಿಲ್ಲ ಅನ್ನೋರು ಡಿಸೆಂಬರ್ ಜನವರಿಯಲ್ಲಿ ನೇತ್ರಾಣಿಗೆ ಹೋಗಿ ಬನ್ನಿ, ಮುಳುಗೋಕೆ ಸೊಂಟಕ್ಕೆ ಎಷ್ಟು ತೂಕ ಕಟ್ಕೋಬೇಕು, ಗಾಳಿ ಎಷ್ಟು ಹೊತ್ತು ಬರುತ್ತೆ ಅಂತ ಗೊತ್ತಾಗುತ್ತೆ. ಒಂದು ವಾರ ರಜೆ ಇದೆ, ಹವಳವೇ ಮುಖ್ಯ ಅಂದ್ರೆ ಫೆಬ್ರವರಿ ಮಾರ್ಚಲ್ಲಿ ಹ್ಯಾವ್‌ಲಾಕ್. ಹಡಗೂ ಬೇಕು ಹವಳವೂ ಬೇಕು, ರಜೆ ಕಮ್ಮಿ ಅನ್ನೋರು ಕಣ್ಣು ಮುಚ್ಕೊಂಡು ತುಲಂಬೆನ್. ನಮ್ಮಣ್ಣಂಗೆ ಈಗ ಶ್ರೀಲಂಕಾದ ಬಟ್ಟಿಕಲೋವಾ ಹತ್ರ 1942ರಲ್ಲಿ ಮುಳುಗಿದ ಹರ್ಮಿಸ್ ಅನ್ನೋ ಯುದ್ಧನೌಕೆ ತಲೆಗೆ ಹೊಕ್ಕಿದೆ, ಅದಿರೋದು ಐವತ್ತು ಮೀಟರ್ ದಾಟಿದ ಆಳದಲ್ಲಿ, ನಮ್ಮ ಕಾರ್ಡಿಗೆ ಅದು ಆಗಲ್ಲ ಅಂತ ಖಡಾಖಂಡಿತ ಹೇಳಿದೀನಿ. ಆದ್ರೆ ಆ ದಡಕ್ಕೆ ನಮ್ಮ ಮಳೆಗಾಲದಲ್ಲೇ ಸೀಸನ್, ನೇತ್ರಾಣಿ ಮುಚ್ಚಿರೋ ಜುಲೈನಲ್ಲಿ ಅಲ್ಲಿ ನೀರು ತಿಳಿಯಾಗಿರುತ್ತೆ, ಟ್ರಿಂಕೋಮಲಿ ಪಕ್ಕ ನೀಲಾವೆಲಿಯಲ್ಲಿ ಒಂದು ರೀಫ್ ಇದೆ, ಅದರ ಹೆಸರೂ ನೇತ್ರಾಣಿಯ ಇನ್ನೊಂದು ಹೆಸರೇ, ಪಿಜನ್ ಐಲ್ಯಾಂಡ್. ಮುಂದಿನ ಜುಲೈಗೆ ಅಲ್ಲಿಗೆ ರಜೆ ಬರೆದಿಟ್ಟಿದೀವಿ.