ಹಾಯಿದೋಣಿಯ ಡೀಸೆಲ್ ಇಂಜಿನ್ ಇಳಿಸಿ ವಿದ್ಯುತ್ ಮೋಟರ್ ಕೂರಿಸುವ 48 ವೋಲ್ಟ್ ಕಿಟ್: ಪೆಟ್ಟಿಗೆಯಲ್ಲಿರುವುದು, ಇಲ್ಲದಿರುವುದು

ಮೋಟರ್ ಚೆನ್ನಾಗಿದೆ, ಕಿಟ್ ಅರ್ಧಂಬರ್ಧ. ಮೋಟೆನರ್ಜಿ ಎಂಇ1115 ಮೋಟರ್, ಮೋಟರಿಗೆ ಹೋಗುವ ಕರೆಂಟನ್ನು ಹಿಡಿತದಲ್ಲಿಡುವ ಸೆವ್‌ಕಾನ್ ಜೆನ್4 ಕಂಟ್ರೋಲರ್, ಬೆಲ್ಟ್ ಪುಲ್ಲಿಯ ಚೌಕಟ್ಟು, ಥ್ರಾಟಲ್ – ಇಷ್ಟನ್ನು ಸೇರಿಸಿ ‘10 ಕಿಲೋವ್ಯಾಟ್ ಕಿಟ್’ ಎಂದು ಅಮೆರಿಕದಲ್ಲಿ ಮಾರುತ್ತಾರೆ. ನಡುನೀರಿನಲ್ಲಿ ಕೈಕೊಡುವ ಭಾಗಗಳೆಲ್ಲ ಹೆಚ್ಚುಕಡಿಮೆ ಆ ಪೆಟ್ಟಿಗೆಯ ಹೊರಗಿನವು. 48 ವೋಲ್ಟ್‌ನಲ್ಲಿ ಗಂಟೆಗಟ್ಟಲೆ ಓಡಿಸುವುದಾದರೆ 6 ಕಿಲೋವ್ಯಾಟ್ ಎಂದು ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ. 10 ಎಂಬುದು ತುರ್ತಿಗೆ.

ಅಳತೆಗೆ ಕ್ಯಾಟಲಿನಾ 30 ಹಾಯಿದೋಣಿಯನ್ನು ತೆಗೆದುಕೊಳ್ಳೋಣ. ತೂಕ ಸುಮಾರು 4.6 ಟನ್, ನೀರಿನ ಮಟ್ಟದಲ್ಲಿ 25 ಅಡಿ ಉದ್ದ, ಇಂಥ ಒಡಲಿನ ವೇಗವನ್ನು ಈ ಉದ್ದವೇ ಕಟ್ಟಿಹಾಕುವುದರಿಂದ ಮಿತಿ 6.7 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಲೋಮೀಟರ್). ಒಳಗಿರುವುದು 21 ಎಚ್‌ಪಿಯ ಯೂನಿವರ್ಸಲ್ ಡೀಸೆಲ್. ಇಂಥ ದೋಣಿಗೆ ಅಲೆಯಿಲ್ಲದ ನೀರಿನಲ್ಲಿ 4 ನಾಟ್‌ಗೆ ಸುಮಾರು 2 ಕಿಲೋವ್ಯಾಟ್ ಸಾಕು. 5 ನಾಟ್‌ಗೆ 4 ಬೇಕು, 6ಕ್ಕೆ 8! ಬ್ಯಾಟರಿ 280 ಆಂಪಿಯರ್-ಅವರ್‌ನ 16 ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳದ್ದಾದರೆ ಒಟ್ಟು 14.3 ಯೂನಿಟ್, ಅದರಲ್ಲಿ ಬಳಸಬಹುದಾದ್ದು 11.5. ನಾಲ್ಕು ನಾಟ್‌ನಲ್ಲಿ ಹೋದರೆ 23 ನಾಟಿಕಲ್ ಮೈಲಿ, ಐದರಲ್ಲಿ 14, ಆರರಲ್ಲಿ ಒಂಬತ್ತೂ ಇಲ್ಲ. ಅವಸರದವರಿಗೆ ಇದು ಹೇಳಿದ್ದಲ್ಲ. ಹತ್ತು ದಿನ ಕಡಲಲ್ಲೇ ಇದ್ದು ಬಲೆ ಎಳೆಯುವ ಮಲ್ಪೆಯ ಟ್ರಾಲರ್‌ಗಂತೂ ಮಾತೇ ಇಲ್ಲ. ಬಂದರಿನಿಂದ ಹೊರಬಂದು ಹಾಯಿ ಎತ್ತುವವರಿಗೆ, ಸಂಜೆ ಹಿಂದಿರುಗುವವರಿಗೆ ಬೇಕಾದಷ್ಟಾಯಿತು.

ಕೂರಿಸುವಾಗ ಮೊದಲು ನೋಡಬೇಕಾದ್ದು ಥ್ರಸ್ಟ್ ಬೇರಿಂಗ್. ಪ್ರೊಪೆಲ್ಲರ್ ದೋಣಿಯನ್ನು ತಳ್ಳುವ ಬಲವೆಲ್ಲ ಶಾಫ್ಟ್ ಮೂಲಕ ಒಳಗೆ ಬರುತ್ತದೆ. ಇಷ್ಟು ದಿನ ಅದನ್ನು ಹೊತ್ತದ್ದು ಡೀಸೆಲ್‌ನ ಗೇರ್‌ಬಾಕ್ಸ್. ಮೋಟರಿನ ಬೇರಿಂಗ್‌ಗೆ ಆ ಕೆಲಸ ಗೊತ್ತಿಲ್ಲ. ಚೌಕಟ್ಟಿನಲ್ಲಿ ಬೇರೆ ಥ್ರಸ್ಟ್ ಬೇರಿಂಗ್ ಇದೆಯೇ ಎಂದು ಮಾರುವವರನ್ನು ಕೇಳಿ, ಇಲ್ಲದಿದ್ದರೆ ಕೊಳ್ಳಬೇಡಿ. ಮೋಟರಿನ ಚೌಕಟ್ಟನ್ನೂ ಪ್ರೊಪೆಲ್ಲರ್ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್‌ನ ಎರಡು ಮುಖಗಳ ನಡುವಿನ ಸಂದು ಸುತ್ತಲೂ ಒಂದೇ ಸಮ ಇರಬೇಕು. 4 ಇಂಚಿನ ಕಪ್ಲಿಂಗ್‌ನಲ್ಲಿ 0.1 ಮಿಲಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಸಲ್ಲದು. ಈ ಅಳತೆಯನ್ನು ದೋಣಿ ನೀರಿಗಿಳಿದ ಮೇಲೆ ಮತ್ತೊಮ್ಮೆ ಮಾಡಬೇಕು, ದಡದ ಮೇಲಿದ್ದಾಗ ಒಡಲು ಕೊಂಚ ಬಾಗಿರುತ್ತದೆ. ಇಂಜಿನ್ನಿಗೆ ನೀರೆಳೆಯುತ್ತಿದ್ದ ವಾಲ್ವ್ ಮುಚ್ಚಿ, ಹೊಗೆ ಕೊಳವೆಯ ತೂತನ್ನು ಭದ್ರವಾಗಿ ಬಂದ್ ಮಾಡುವುದನ್ನು ಮರೆಯುವವರೂ ಇದ್ದಾರೆ.

ಇನ್ನು ಬ್ಯಾಟರಿ. ಎಲ್ಲ ತಾಪತ್ರಯದ ಮೂಲ ಇಲ್ಲೇ. ಜೆಟ್ಟಿ ಹತ್ತಿರ ಬಂತು, ಚಾರ್ಜ್ ತಳ ಮುಟ್ಟಿದೆ, ದೋಣಿ ನಿಲ್ಲಿಸಲು ಥ್ರಾಟಲನ್ನು ಒಮ್ಮೆಲೇ ಹಿಮ್ಮುಖಕ್ಕೆ ಎಳೆದರೆ ಕರೆಂಟ್ 200 ಆಂಪಿಯರ್‌ಗೆ ಜಿಗಿಯುತ್ತದೆ. ಹದಿನಾರರಲ್ಲಿ ಬಡಕಲು ಸೆಲ್ ಒಂದಿದ್ದರೂ ಅದರ ವೋಲ್ಟೇಜ್ 2.5ಕ್ಕೆ ಕುಸಿದು, ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಇಡೀ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ದೋಣಿಗೆ ಬ್ರೇಕ್ ಇಲ್ಲ, ಉಳಿದದ್ದು ಜೆಟ್ಟಿಯ ಕಲ್ಲು. ಆದ್ದರಿಂದ ಸೌರಫಲಕದ ಬ್ಯಾಟರಿಗಳ ಜೊತೆ ಬರುವ ಅಗ್ಗದ 100 ಆಂಪಿಯರ್ ಬಿಎಂಎಸ್ ಇಲ್ಲಿ ಬೇಡ. ಕಾಂಟ್ಯಾಕ್ಟರ್ (ಭಾರೀ ಕರೆಂಟಿನ ವಿದ್ಯುತ್ ಸ್ವಿಚ್) ನಡೆಸುವಂಥದ್ದು, ಕಡಿಯುವ ಮೊದಲು ಎಚ್ಚರಿಕೆ ಕೊಡುವಂಥದ್ದು ಬೇಕು. ಸೆಲ್ 3.0 ವೋಲ್ಟ್‌ಗೆ ಬಂದಾಗಲೇ ಬಜರ್ ಕೂಗಲಿ. ವೋಲ್ಟೇಜ್ ಇಳಿದಂತೆ ಕಂಟ್ರೋಲರ್ ತಾನೇ ಕರೆಂಟನ್ನು ತಗ್ಗಿಸುವಂತೆಯೂ ಹೊಂದಿಸಿರಬೇಕು. ಫ್ಯೂಸ್ ಕ್ಲಾಸ್ ಟಿ (ಭಾರೀ ಶಾರ್ಟನ್ನೂ ಕಡಿಯಬಲ್ಲ ಬಗೆ), 250 ಆಂಪಿಯರ್, ಬ್ಯಾಟರಿಯ ಪಾಸಿಟಿವ್ ತುದಿಗೆ ಅಂಟಿದಂತೆ. ಲಿಥಿಯಂ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ಹರಿಯುತ್ತದೆ, ಸಾಧಾರಣ ಫ್ಯೂಸ್ ಕರಗಿದರೂ ಕಿಡಿ ನಿಲ್ಲುವುದಿಲ್ಲ. ಕೇಬಲ್ ತವರ ಲೇಪಿಸಿದ ತಾಮ್ರದ್ದು, 70 ಚದರ ಮಿಲಿಮೀಟರ್.

ಸೆವ್‌ಕಾನ್ ಗಟ್ಟಿಮುಟ್ಟು, ಆದರೆ ಸೆಟ್ಟಿಂಗ್ ಬದಲಿಸಲು ಅದರದೇ ಸಾಫ್ಟ್‌ವೇರೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಕ್ಯಾನ್ ಅಡಾಪ್ಟರೂ ಬೇಕು. ಕೊಂಡವರ ಕೈಗೆ ಅದು ಸುಲಭಕ್ಕೆ ಸಿಗದಿರುವುದು ಈ ಕಿಟ್‌ನ ದೊಡ್ಡ ಕಿರಿಕಿರಿ. ಮೇಲೆ ಹೇಳಿದ ಮಿತಿಗಳನ್ನೆಲ್ಲ ಮಾರುವವರಿಂದಲೇ ಕಂಟ್ರೋಲರ್‌ನಲ್ಲಿ ಹೊಂದಿಸಿ ತರಿಸಿಕೊಳ್ಳಿ. ಮೋಟರ್ ಎಡವಿ ಎಡವಿ ತಿರುಗಿದರೆ ಮೊದಲ ಅನುಮಾನ ಎನ್‌ಕೋಡರ್‌ನ (ಮೋಟರ್ ಎಷ್ಟು ತಿರುಗಿದೆ ಎಂದು ಕಂಟ್ರೋಲರ್‌ಗೆ ತಿಳಿಸುವ ಸೆನ್ಸರ್) ಸಣ್ಣ ಕನೆಕ್ಟರ್ ಮೇಲಿರಲಿ. ಉಪ್ಪು ಹಿಡಿದಿರುತ್ತದೆ, ಇಲ್ಲವೇ ಅದರ ತಂತಿ ದಪ್ಪ ಕೇಬಲ್‌ನ ಪಕ್ಕಕ್ಕೇ ಹಾದುಹೋಗಿರುತ್ತದೆ. ತಂಪಾಗಲು ಗಾಳಿಯೊಂದೇ ಗತಿಯಾದ್ದರಿಂದ ಮುಚ್ಚಿದ ಇಂಜಿನ್ ಕೋಣೆಗೆ ಫ್ಯಾನ್ ಬೇಕು: 8 ಕಿಲೋವ್ಯಾಟ್ ಎಳೆಯುವಾಗ 800 ವ್ಯಾಟ್‌ನಷ್ಟು ಬರೀ ಶಾಖ.

ಹಳೆಯ ಪ್ರೊಪೆಲ್ಲರ್ 2:1 ಪುಲ್ಲಿಯೊಂದಿಗೆ (ಮೋಟರ್ ಎರಡು ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು) ನಡೆಯುತ್ತದೆ. ಒಡಲಿಗೂ ರೆಕ್ಕೆಗೂ ನಡುವೆ ಜಾಗವಿದ್ದರೆ ಇನ್ನೂ ಅಗಲದ್ದು ಹಾಕಿ ನಿಧಾನವಾಗಿ ತಿರುಗಿಸುವುದು ಲಾಭ. ಹಾಯಿಯಲ್ಲಿ ಸಾಗುವಾಗ ಪ್ರೊಪೆಲ್ಲರ್ ತಿರುಗಿ ಬ್ಯಾಟರಿ ತುಂಬುತ್ತದೆ ಎಂಬ ಜಾಹೀರಾತನ್ನು ನಂಬಿ ಕೊಳ್ಳಬೇಡಿ, 6 ನಾಟ್‌ನಲ್ಲಿ ಸಿಗುವುದು ನೂರು ಇನ್ನೂರು ವ್ಯಾಟ್.

ಡೀಸೆಲ್ ಜೊತೆ ಆಲ್ಟರ್ನೇಟರೂ ಹೋಗುತ್ತದೆ. ದೀಪ, ರೇಡಿಯೊ, ದೋಣಿಯ ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪ್‌ಗಳಿಗೆ 48ರಿಂದ 12 ವೋಲ್ಟ್‌ಗೆ ಇಳಿಸುವ 30 ಆಂಪಿಯರ್ ಕನ್ವರ್ಟರ್ ಬೇಕು. ಪಂಪ್‌ಗೆ ಮಾತ್ರ ಪುಟ್ಟ 12 ವೋಲ್ಟ್ ಬ್ಯಾಟರಿಯೊಂದನ್ನು ಪ್ರತ್ಯೇಕವಾಗಿ ಇಡಿ, ಬಿಎಂಎಸ್ ಕಡಿದರೂ ಅದು ಓಡುತ್ತಿರಬೇಕು. ದಡದ ಕರೆಂಟಿನಿಂದ ತುಂಬಲು 48 ವೋಲ್ಟ್‌ನ 30 ಆಂಪಿಯರ್ ಚಾರ್ಜರ್ ಹಾಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಮುಗಿಯುತ್ತದೆ.